ತಗಡಿನ ಮೇಲಿನ ದೀಪಗಳು

ಮಿಶಿಗನ್ ರಾಜ್ಯದಲ್ಲಿ ಕಾರಿನ ಮುಂಭಾಗಕ್ಕೆ ನಂಬರ್ ಪ್ಲೇಟ್ ಹಾಕುವುದಿಲ್ಲ. ಹಿಂಭಾಗಕ್ಕೆ ಒಂದು, ಅಷ್ಟೇ. ಡೆಟ್ರಾಯ್ಟ್ ಸುತ್ತಮುತ್ತ ಕೆಲಸ ಮಾಡುವವರು ಬೆಳಿಗ್ಗೆ, ಸಂಜೆ ಐ-75 ಹೆದ್ದಾರಿಯಲ್ಲಿ ತೆವಳುವ ಸಾಲಿನಲ್ಲಿ ಕೂತಿರುವಾಗ ಕಣ್ಣೆದುರು ಇರುವುದು ಮುಂದಿನ ಕಾರಿನ ಆ ಒಂದು ತಗಡು ಮಾತ್ರ. ಉದ್ಯೋಗ ನನ್ನನ್ನು ಅಲ್ಲಿಗೆ ಒಯ್ದ ಮೊದಲ ವರ್ಷಗಳಲ್ಲಿ, ರೇಡಿಯೋದಲ್ಲಿ ಬರುವ ಹೆಸರುಗಳಾಗಲಿ ಊರುಗಳಾಗಲಿ ಪರಿಚಯವಿಲ್ಲದ ಕಾಲದಲ್ಲಿ, ನಾನು ಆ ನಾಡನ್ನು ಓದಲು ಶುರುಮಾಡಿದ್ದು ಈ ತಗಡುಗಳಿಂದ. ಸಾಮಾನ್ಯ ಪ್ಲೇಟುಗಳ ನಡುವೆ ಒಮ್ಮೊಮ್ಮೆ ಚಿತ್ರವಿರುವ ಪ್ಲೇಟು ಬರುತ್ತಿತ್ತು. ಹಾಗೆ ಒಂದು ದಿನ ಕಣ್ಣಿಗೆ ಬಿದ್ದದ್ದು ಕೆಂಪು-ಬಿಳಿ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡು ಮೇಲೇರುವ ದೀಪಸ್ತಂಭ. ಜೊತೆಗೆ ‘ಸೇವ್ ಅವರ್ ಲೈಟ್ಸ್’ ಎಂಬ ಬರಹ. ನಮ್ಮ ದೀಪಗಳನ್ನು ಉಳಿಸಿ ಎಂದು ಯಾರೋ ತಮ್ಮ ಕಾರಿನ ಬೆನ್ನ ಮೇಲೆ ಬರೆಸಿಕೊಂಡು ಓಡಾಡುತ್ತಿದ್ದರು.

ನಾನು ಕಾಪುವಿನ ಕಡಲ ಬದಿಯಲ್ಲಿ ಬೆಳೆದವನು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ನಮ್ಮೂರಿನ ದೀಪಸ್ತಂಭ ನನ್ನ ಬಾಲ್ಯದ ಎಲ್ಲ ಸಂಜೆಗಳಲ್ಲೂ ಇದೆ. ದೋಣಿಗೆ ಹೋದವರು ಹಿಂದಿರುಗುವುದು ತಡವಾದರೆ ಮನೆಯ ಹೆಂಗಸರು ಮೊದಲು ನೋಡುತ್ತಿದ್ದದ್ದು ಅದರ ಬೆಳಕು ಸರಿಯಾಗಿ ತಿರುಗುತ್ತಿದೆಯೇ ಎಂದು. ಅಂಥ ಊರಿನವನಿಗೆ, ಉಪ್ಪಿನ ಕಡಲೇ ಇಲ್ಲದ ಮಿಶಿಗನ್ನಿನಲ್ಲಿ ದೀಪಸ್ತಂಭದ ಚಿತ್ರ ಕಂಡಾಗ ಆದ ಬೆರಗು ಸಣ್ಣದಲ್ಲ. ವಿಚಾರಿಸಿದಾಗ ತಿಳಿಯಿತು: ಅಮೆರಿಕದ ಯಾವ ರಾಜ್ಯದಲ್ಲೂ ಇಲ್ಲದಷ್ಟು ದೀಪಸ್ತಂಭಗಳು ಮಿಶಿಗನ್ನಿನಲ್ಲಿವೆ, 120ಕ್ಕೂ ಹೆಚ್ಚು. ಆ ರಾಜ್ಯವನ್ನು ಸುತ್ತುವರಿದ ಮಹಾಸರೋವರಗಳೆಂದರೆ ಹೆಸರಿಗಷ್ಟೇ ಸರೋವರ. ಅದಿರು, ಮರ, ಕಲ್ಲಿದ್ದಲು, ಗೋಧಿ ಹೊತ್ತ ಹಡಗುಗಳು ಅಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ ಚರಿತ್ರೆ ದೊಡ್ಡದು. ಅಷ್ಟು ದೀಪಗಳು ಬೇಕಾದದ್ದು ಅದಕ್ಕೇ.

ಆಮೇಲೆ ನಾನು ಕೂಡಿಸತೊಡಗಿದ ದೀಪಸ್ತಂಭದ ಪ್ಲೇಟುಗಳ ಸಂಗ್ರಹಕ್ಕೆ ಮೊದಲನೆಯದನ್ನು ಕೊಟ್ಟವರು ಪಕ್ಕದ ಮನೆಯ ಹಿರಿಯರು. ಕಾರಿನ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಅವರ ಗ್ಯಾರೇಜಿನ ಗೋಡೆ ತುಂಬ ನಂಬರ್ ಪ್ಲೇಟುಗಳಿದ್ದವು. ನಾನು ಆ ಕೆಂಪು-ಬಿಳಿ ದೀಪಸ್ತಂಭದ ಬಗ್ಗೆ ಕೇಳಿದಾಗ ಅವರು ಡಬ್ಬವೊಂದನ್ನು ತೆರೆದು, ತಮ್ಮ ಹೆಂಡತಿಯ ಕಾರಿನಲ್ಲಿ ಓಡಿ ಮುಗಿದ ಅದೇ ಪ್ಲೇಟನ್ನು ತೆಗೆದು ನನ್ನ ಕೈಗಿಟ್ಟರು. “ಬರೀ ಕಣ್ಣಿನಿಂದ ನೋಡಬೇಡ, ಬೆರಳಿನಿಂದ ನೋಡು” ಎಂದರು. ನೋಡಿದೆ. ಹನ್ನೆರಡು ಇಂಚು ಅಗಲ, ಆರು ಇಂಚು ಎತ್ತರದ ಅಲ್ಯೂಮಿನಿಯಂ. ಅದರ ಮೇಲೆ ಬೆಳಕು ಬಿದ್ದರೆ ಹೊಳೆಯುವ ತೆಳು ಹಾಳೆ. ಅಕ್ಷರಗಳು ಉಬ್ಬಿದ್ದರೆ ಡೈನಲ್ಲಿ ಒತ್ತಿದ್ದು, ಸಪಾಟಾಗಿದ್ದರೆ ಪ್ರಿಂಟ್ ಮಾಡಿದ್ದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಾಗಿ ಸ್ಕ್ರೂ ತೂತಿನ ಸುತ್ತ ಬಣ್ಣ ಎದ್ದಿತ್ತು. ಮೂಲೆಯಲ್ಲಿ ವರ್ಷವರ್ಷದ ಸ್ಟಿಕ್ಕರುಗಳು ಒಂದರ ಮೇಲೊಂದು ಕೂತು ದಪ್ಪಗಾಗಿದ್ದವು. ಮಿಶಿಗನ್ನಿನಲ್ಲಿ ಪ್ಲೇಟಿನ ಅವಧಿ ಮುಗಿಯುವುದು ಮಾಲೀಕರ ಹುಟ್ಟುಹಬ್ಬದಂದು. ಕಾರು ಮಾರಿದರೂ ಪ್ಲೇಟು ಕಾರಿನ ಜೊತೆ ಹೋಗುವುದಿಲ್ಲ, ಮಾಲೀಕರ ಬಳಿಯೇ ಉಳಿದು ಮುಂದಿನ ಕಾರಿಗೆ ಏರುತ್ತದೆ. ಹಾಗಾಗಿ ಆ ಸ್ಟಿಕ್ಕರುಗಳ ಪದರ ಒಬ್ಬ ಹೆಂಗಸಿನ ಹುಟ್ಟುಹಬ್ಬಗಳ ಲೆಕ್ಕವೂ ಆಗಿತ್ತು.

ಆ ಹಿರಿಯರಿಂದಲೇ ನನಗೆ ಇದೊಂದು ದೊಡ್ಡ ಬಳಗದ ಹವ್ಯಾಸವೆಂದು ಗೊತ್ತಾದದ್ದು. ನಂಬರ್ ಪ್ಲೇಟ್ ಸಂಗ್ರಾಹಕರ ಸಂಘ ‘ಆಲ್ಪ್ಕಾ’ 1954ರಲ್ಲೇ ಹುಟ್ಟಿದೆ. ಪ್ರತಿವರ್ಷ ಸಮ್ಮೇಳನ ನಡೆಸುತ್ತದೆ. ಮೇಜು ಮೇಜಿನ ಮೇಲೆ ತಗಡುಗಳ ರಾಶಿ, ಅದರ ಸುತ್ತ ಕನ್ನಡಕ ಏರಿಸಿಕೊಂಡ ಜನ. ಒಂದೇ ರಾಜ್ಯದ ಪ್ಲೇಟುಗಳನ್ನು ವರ್ಷದಿಂದ ವರ್ಷಕ್ಕೆ ಸಾಲಾಗಿ ಕೂಡಿಸಿದರೆ ಅದು ಅವರ ಮಾತಿನಲ್ಲಿ ‘ರನ್’. ಒಂದು ವಿನ್ಯಾಸಕ್ಕೆ ‘ಬೇಸ್’ ಎನ್ನುತ್ತಾರೆ. ರಸ್ತೆಗಿಳಿಯದೆ ತೋರಿಸಲಿಕ್ಕೆಂದೇ ಮಾಡಿದ್ದು ‘ಸ್ಯಾಂಪಲ್’. ಕೆಲವರಿಗೆ ಹಳೆಯದು ಬೇಕು: 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತಾನೇ ಮಾಡಿಸಿ ಹಂಚಿದ ಪಿಂಗಾಣಿ ಲೇಪದ ಪ್ಲೇಟುಗಳ ಕಾಲದ್ದು. ಕೆಲವರಿಗೆ ಎರಡನೆಯ ಮಹಾಯುದ್ಧದಲ್ಲಿ ಲೋಹ ಉಳಿಸಲು ಇಲಿನಾಯ್ ರಾಜ್ಯ ಸೋಯಾಬೀನ್ ನಾರಿನಿಂದ ಮಾಡಿಸಿದ್ದು ಬೇಕು. ನನಗೆ ಬೇಕಾದದ್ದು ದೀಪಸ್ತಂಭ ಇರುವುದು, ಅದರಲ್ಲೂ ನಿಜವಾಗಿ ರಸ್ತೆಯಲ್ಲಿ ಓಡಿದ್ದು. ಸ್ಯಾಂಪಲ್ ಪ್ಲೇಟು ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಯಾರೂ ಮನಸ್ಸಿಟ್ಟು ದುಡ್ಡು ಕಟ್ಟಿರುವುದಿಲ್ಲ. ಯಾರೋ ಒಬ್ಬರು ತಮ್ಮ ದುಡ್ಡು ಕೊಟ್ಟು ಆ ದೀಪವನ್ನು ಆರಿಸಿಕೊಂಡಿರಬೇಕು. ನನ್ನ ಸಂಗ್ರಹದ ನಿಯಮ ಅದೊಂದೇ ಆಗಿತ್ತು.

ಆ ನಿಯಮದ ಅರ್ಥ ನನಗೆ ಪೂರ್ತಿ ಸ್ಪಷ್ಟವಾದದ್ದು ಅಮ್ಮ ಮಿಶಿಗನ್ನಿಗೆ ಬಂದಿದ್ದಾಗ. ನೆಲಮಾಳಿಗೆಯ ಗೋಡೆಯ ಮೇಲೆ ಸಾಲಾಗಿ ಮೊಳೆ ಹೊಡೆದಿಟ್ಟ ಪ್ಲೇಟುಗಳನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ದುಡ್ಡು ಕೊಟ್ಟವರಿಗೆ ತಗಡು ಸಿಗ್ತದೆ ಮಗಾ, ದೀಪಕ್ಕೆ ಏನು ಸಿಗ್ತದೆ?”

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಮಿಶಿಗನ್ನಿನಲ್ಲಿ ಈ ಪ್ಲೇಟು ಬೇಕೆಂದವರು ಮಾಮೂಲಿ ನೋಂದಣಿ ಶುಲ್ಕದ ಮೇಲೆ ಮೊದಲ ಸಲ 35 ಡಾಲರ್ ಹೆಚ್ಚು ಕಟ್ಟಬೇಕು. ಅದರಲ್ಲಿ 25 ಡಾಲರ್ ದೀಪಸ್ತಂಭಗಳ ನಿಧಿಗೆ ಹೋಗುತ್ತದೆ. ಆಮೇಲೆ ಪ್ರತಿ ನವೀಕರಣಕ್ಕೆ ಇನ್ನೊಂದು 10 ಡಾಲರ್. ಹೀಗೆ ಕೂಡಿದ ಹಣವನ್ನು ರಾಜ್ಯದ ಪರಂಪರೆ ಸಂರಕ್ಷಣಾ ಕಚೇರಿ ದೀಪಸ್ತಂಭಗಳನ್ನು ನೋಡಿಕೊಳ್ಳುವ ಊರ ಸಂಘಗಳಿಗೆ, ಪುರಸಭೆಗಳಿಗೆ ಅನುದಾನವಾಗಿ ಕೊಡುತ್ತದೆ. ಪಡೆಯುವವರು ತಮ್ಮ ಪಾಲನ್ನೂ ಹೊಂದಿಸಬೇಕು. ಸೋರುವ ಮಾಡು, ತುಕ್ಕು ಹಿಡಿದ ಮೆಟ್ಟಿಲು, ಸೀಸದ ಬಣ್ಣ ಕೆರೆಯುವ ಕೆಲಸ, ಒಡೆದ ಗಾಜು, ಹೀಗೆ ಯಾರೂ ಫೋಟೋ ತೆಗೆಯದ ಕೆಲಸಗಳಿಗೆ ಆ ಹಣ ಹೋಗುತ್ತದೆ. ಅಮ್ಮ ಕೇಳಿ, “ಹಾಗಾದ್ರೆ ಇದು ದೇವಸ್ಥಾನದ ನಂದಾದೀಪಕ್ಕೆ ಎಣ್ಣೆ ಕೊಟ್ಟ ಹಾಗೆ” ಎಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಎಣ್ಣೆಯ ಅಗತ್ಯ ಯಾಕೆ ಬಂತು ಎಂಬುದನ್ನೂ ಹೇಳಬೇಕು. ಮಿಶಿಗನ್ ಪ್ಲೇಟಿನ ಮೇಲಿರುವುದು ವೈಟ್ ಶೋಲ್ ದೀಪಸ್ತಂಭ. ಮಿಶಿಗನ್ ಸರೋವರದ ಉತ್ತರ ತುದಿಯಲ್ಲಿ, ದಡದಿಂದ ದೂರ, ನೀರಿನಡಿಯ ದಿಬ್ಬದ ಮೇಲೆ 1910ರಲ್ಲಿ ಕಟ್ಟಿದ್ದು. ಮೊದಲು ಬಿಳಿಯಾಗಿಯೇ ಇತ್ತು, ಸುರುಳಿ ಪಟ್ಟಿ ಬಂದದ್ದು 1954ರಲ್ಲಿ. ಇಂಥ ಕೆಂಪು-ಬಿಳಿ ಸುರುಳಿ ಅಮೆರಿಕದಲ್ಲಿ ಇದೊಂದಕ್ಕೇ. 1976ರಲ್ಲಿ ದೀಪ ತಾನೇ ಉರಿಯುವ ವ್ಯವಸ್ಥೆ ಬಂದ ಮೇಲೆ ಅಲ್ಲಿದ್ದ ಕಾವಲುಗಾರರು ಇಳಿದು ಬಂದರು. ಮನುಷ್ಯರಿಲ್ಲದ ಕಟ್ಟಡ ಹೇಗಾಗುತ್ತದೋ ಅದೂ ಹಾಗಾಯಿತು. ಅದರ ದೊಡ್ಡ ಫ್ರೆನೆಲ್ ಮಸೂರ ಈಗ ವೈಟ್‌ಫಿಶ್ ಪಾಯಿಂಟ್‌ನ ಹಡಗು ದುರಂತಗಳ ವಸ್ತುಸಂಗ್ರಹಾಲಯದಲ್ಲಿದೆ. ಒಂದೊಂದು ಗಾಜಿನ ಪಟ್ಟಕವನ್ನೂ ಕೋನ ಲೆಕ್ಕ ಹಾಕಿ ಜೋಡಿಸಿ, ಸುತ್ತ ಚೆಲ್ಲಿಹೋಗುವ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಬಾಗಿಸುವ ಆ ಯಂತ್ರದ ಮುಂದೆ ನಿಂತರೆ ಮಾತು ಬರುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ವೈಟ್ ಶೋಲನ್ನು ಹರಾಜಿನಲ್ಲಿ ಮಾರಿತು. ಕೊಂಡವರು ಸಂಘ ಕಟ್ಟಿಕೊಂಡು ಅದನ್ನು ದುರಸ್ತಿ ಮಾಡುತ್ತಿದ್ದಾರೆ. ಮ್ಯಾಕಿನಾ ಸಿಟಿಯಿಂದ ದೀಪಸ್ತಂಭ ತೋರಿಸಲೆಂದೇ ಹೊರಡುವ ದೋಣಿಯಲ್ಲಿ ನಾನು ಅದನ್ನು ಹತ್ತಿರದಿಂದ ಕಂಡೆ. ಸುತ್ತ ನೀರು ಬಿಟ್ಟು ಬೇರೇನೂ ಇಲ್ಲ. ಕಾಂಕ್ರೀಟಿನ ಅಡಿಗಟ್ಟಿನ ಮೇಲೆ ಆ ಗೋಪುರ ಒಂಟಿಯಾಗಿ ನಿಂತಿದೆ. ನಾನು ದಿನಾ ಓಡಾಡುತ್ತಿದ್ದ ಅದೇ ಐ-75 ಉತ್ತರಕ್ಕೆ ಸಾಗಿ ಮ್ಯಾಕಿನಾ ಸೇತುವೆ ದಾಟುತ್ತದೆ. ಡೆಟ್ರಾಯ್ಟಿನ ಟ್ರಾಫಿಕ್ಕಿನಲ್ಲಿ ಯಾರೋ ಕಟ್ಟಿದ ಹತ್ತು ಡಾಲರ್ ಇಷ್ಟು ದೂರದ ನೀರಿನವರೆಗೆ ಮುಟ್ಟಬಲ್ಲದು ಎಂಬುದು ನನಗೆ ಅಲ್ಲಿ ನಿಂತಾಗ ಖಚಿತವಾಯಿತು.

ಪಕ್ಕದ ಒಹಾಯೊ ರಾಜ್ಯದ ಪ್ಲೇಟಿನಲ್ಲಿ ಮಾರ್ಬಲ್‌ಹೆಡ್ ದೀಪಸ್ತಂಭವಿದೆ. 1822ರಿಂದ ಇಂದಿನವರೆಗೆ ಮಹಾಸರೋವರಗಳಲ್ಲಿ ಎಡೆಬಿಡದೆ ಉರಿಯುತ್ತಿರುವ ಅತ್ಯಂತ ಹಳೆಯ ದೀಪ ಅದು. ಮೊದಲ ಕಾವಲುಗಾರ ಬೆನಾಯಾ ವುಲ್ಕಾಟ್ 1832ರಲ್ಲಿ ತೀರಿಕೊಂಡಾಗ ಹೆಂಡತಿ ರೇಚಲ್ ಆ ಕೆಲಸ ವಹಿಸಿಕೊಂಡಳು. ಮಹಾಸರೋವರಗಳಲ್ಲಿ ದೀಪ ಕಾಯ್ದ ಮೊದಲ ಹೆಂಗಸು ಅವಳು. ಈ ಪ್ಲೇಟಿನಿಂದ ಬರುವ 15 ಡಾಲರ್ ದೀಪಸ್ತಂಭಕ್ಕಲ್ಲ, ಈರಿ ಸರೋವರದ ರಕ್ಷಣಾ ನಿಧಿಗೆ ಹೋಗುತ್ತದೆ. ನೀರಿನ ಅಧ್ಯಯನ, ದಡದ ರಕ್ಷಣೆ ಅದರ ಕೆಲಸ. 2014ರ ಆಗಸ್ಟಿನಲ್ಲಿ ಸರೋವರದ ಹಸಿರು ಪಾಚಿಯ ವಿಷ ಟೊಲೀಡೊ ನಗರದ ಕುಡಿಯುವ ನೀರಿಗೆ ಸೇರಿ, ಸುಮಾರು ಐದು ಲಕ್ಷ ಜನ ನಲ್ಲಿ ನೀರು ಕುಡಿಯಲಾಗದೆ ಬಾಟಲಿ ನೀರಿಗೆ ಸಾಲು ನಿಂತರು. ಅಲ್ಲಿಂದ ಬರುತ್ತಿದ್ದ ಸಹೋದ್ಯೋಗಿಯೊಬ್ಬಳು ಮನೆಗೆ ನೀರಿನ ಕ್ಯಾನುಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವುದನ್ನು ನೋಡಿದ್ದೇನೆ. ದೀಪದ ಚಿತ್ರ ತೋರಿಸಿ ನೀರಿಗೆ ಹಣ ಕೂಡಿಸುವುದರಲ್ಲಿ ಏನು ತರ್ಕ ಎಂದು ಆವರೆಗೆ ಯೋಚಿಸುತ್ತಿದ್ದವನಿಗೆ ಆಮೇಲೆ ಆ ಪ್ರಶ್ನೆ ಏಳಲಿಲ್ಲ.

ನನ್ನ ಸಂಗ್ರಹದಲ್ಲಿ ಜೋಡಿಯಾಗಿ ಇರುವುದು ರೋಡ್ ಐಲೆಂಡಿನ ಪ್ಲೇಟು. ಅಲ್ಲಿ ಕಾರಿಗೆ ಹಿಂದೆ, ಮುಂದೆ ಎರಡೂ ಬೇಕು. ಅದರ ಮೇಲಿರುವುದು ನರಗಾನ್ಸೆಟ್ ಕೊಲ್ಲಿಯ ಪ್ಲಮ್ ಬೀಚ್ ದೀಪಸ್ತಂಭ. ನೀರಿನ ನಡುವೆ ನಿಂತ ಗಿಡ್ಡ, ದಪ್ಪ ಗೋಪುರ. 1938ರ ಸೆಪ್ಟೆಂಬರಿನ ಭೀಕರ ಚಂಡಮಾರುತದಲ್ಲಿ ಅಲ್ಲಿದ್ದ ಇಬ್ಬರು, ಅಲೆಗಳು ಕೆಳಗಿನ ಅಂತಸ್ತುಗಳಿಗೆ ನುಗ್ಗಿ ಬರುತ್ತಿದ್ದಂತೆ ಮೇಲೇರಿ, ಮಂಜಿನ ಗಂಟೆಯ ತೂಕ ಇಳಿಯುವ ನಡುಗಂಬಕ್ಕೆ ತಮ್ಮನ್ನು ಕಟ್ಟಿಕೊಂಡು ಜೀವ ಉಳಿಸಿಕೊಂಡರು. ಗೋಪುರ ಬಿರುಕು ಬಿಟ್ಟಿತು, ಬೀಳಲಿಲ್ಲ. 1940ರಲ್ಲಿ ಹತ್ತಿರದಲ್ಲೇ ಜೇಮ್ಸ್‌ಟೌನ್ ಸೇತುವೆ ಬಂದ ಮೇಲೆ ಈ ದೀಪ ಯಾರಿಗೂ ಬೇಡವಾಯಿತು, ಆರಿಸಿಬಿಟ್ಟರು. ಆಮೇಲೆ ಅರವತ್ತು ವರ್ಷ ಅದು ಪಾರಿವಾಳಗಳ ಪಾಲು. ಯಾರ ಆಸ್ತಿ ಎಂಬುದೇ ವ್ಯಾಜ್ಯವಾಗಿ, ರಾಜ್ಯದ್ದೆಂದು 1998ರಲ್ಲಿ ತೀರ್ಮಾನವಾಯಿತು. ಊರವರ ಸಂಘವೊಂದು ಮುಂದೆ ಬಂದು ಟನ್ನುಗಟ್ಟಲೆ ಹಿಕ್ಕೆ ಬಾಚಿ, ಬಿರುಕು ಮುಚ್ಚಿ, ಬಣ್ಣ ಬಳಿದು 2003ರಲ್ಲಿ ಮತ್ತೆ ದೀಪ ಹಚ್ಚಿತು. ದೀಪ ಹಚ್ಚುವುದಕ್ಕಿಂತ ಅದನ್ನು ನೋಡಿಕೊಳ್ಳುವುದಕ್ಕೆ ದುಡ್ಡು ಹೊಂದಿಸುವುದು ಕಷ್ಟ. ಉಪ್ಪುಗಾಳಿಗೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೆ ಆ ಸಂಘ ಕಂಡುಕೊಂಡ ದಾರಿ ಈ ಪ್ಲೇಟು. ಇಂತಿಷ್ಟು ಜನ ಮೊದಲೇ ಹಣ ಕಟ್ಟಿ ಹೆಸರು ಕೊಟ್ಟರೆ ಮಾತ್ರ ಸರ್ಕಾರ ಪ್ಲೇಟು ಅಚ್ಚು ಹಾಕಿಸುತ್ತದೆ ಎಂಬ ನಿಯಮವಿತ್ತು. ಜನ ಕೊಟ್ಟರು. ದಿನಾ ಸೇತುವೆ ಮೇಲೆ ಹೋಗುತ್ತ ಆ ಪಾಳುಬಿದ್ದ ಗೋಪುರವನ್ನು ನೋಡುತ್ತಿದ್ದವರೇ ಅದನ್ನು ತಮ್ಮ ಕಾರಿಗೆ ಹಾಕಿಕೊಂಡರು. ಅದು ಚೆನ್ನಾಗಿ ನಡೆದದ್ದನ್ನು ಕಂಡು ಅದೇ ರಾಜ್ಯದ ಬೇರೆ ದೀಪಸ್ತಂಭಗಳ ಸಂಘಗಳೂ ಅದೇ ದಾರಿ ಹಿಡಿದವು.

ಗೋಡೆಯ ಮೇಲೆ ಇನ್ನೂ ಕೆಲವಿದ್ದವು. ಮ್ಯಾಸಚೂಸೆಟ್ಸಿನ ‘ಕೇಪ್ ಕಾಡ್ ಅಂಡ್ ಐಲೆಂಡ್ಸ್’ ಪ್ಲೇಟು ಹೊರಬಂದದ್ದು 1996ರಲ್ಲಿ. ಕಡಲಕೊರೆತಕ್ಕೆ ದಂಡೆ ಕುಸಿಯುತ್ತ ಬಂದು, ಕೇಪ್ ಕಾಡ್‌ನ ಹೈಲ್ಯಾಂಡ್ ಮತ್ತು ನಾಸೆಟ್ ದೀಪಸ್ತಂಭಗಳೆರಡನ್ನೂ ಬುಡಸಮೇತ ಎತ್ತಿ ಒಳಕ್ಕೆ ಸರಿಸಿದ್ದೂ ಅದೇ ವರ್ಷ. ಕಡಲಕೊರೆತ ಎಂದರೆ ಏನೆಂದು ಉಡುಪಿ, ಮಂಗಳೂರು ಕಡೆಯವರಿಗೆ ವಿವರಿಸಬೇಕಾಗಿಲ್ಲ. ಫ್ಲಾರಿಡಾದ್ದರ ಮೇಲೆ ‘ವಿಸಿಟ್ ಅವರ್ ಲೈಟ್ಸ್’ ಎಂದಿದೆ. ಉಳಿಸಿ ಎನ್ನುವ ಬದಲು ಬಂದು ನೋಡಿ ಎನ್ನುತ್ತದೆ. ಆ ರಾಜ್ಯದ ಹಳೆ ಪ್ಲೇಟು ಸಿಗುವುದು ಕಷ್ಟ, ಕಾರಿನ ವಿಮೆ ರದ್ದು ಮಾಡುವ ಮುನ್ನ ಅದನ್ನು ಇಲಾಖೆಗೆ ಹಿಂದಿರುಗಿಸಬೇಕು. ವರ್ಷಗಟ್ಟಲೆ ಕಾದು, ಇನ್ನೊಬ್ಬ ಸಂಗ್ರಾಹಕನಿಗೆ ಎರಡು ಒಳ್ಳೆಯ ಪ್ಲೇಟು ಕೊಟ್ಟು ಅದನ್ನು ಪಡೆದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಗೌರವದಿಂದ ನೋಡುವುದು ನನ್ನ ನಿಯಮಕ್ಕೆ ಹೊರತಾದ ಮಿಸಿಸಿಪಿಯ ಪ್ಲೇಟು. ಉಳಿದವು ಬೇಕೆಂದವರು ಹೆಚ್ಚು ಹಣ ಕೊಟ್ಟು ಪಡೆಯುವಂಥವು. ಮಿಸಿಸಿಪಿ 2007ರಲ್ಲಿ ತನ್ನ ಎಲ್ಲರ ಕಾರಿಗೂ ಹಾಕುವ ಸಾಮಾನ್ಯ ಪ್ಲೇಟಿನ ಮೇಲೆಯೇ ಬಿಲಾಕ್ಸಿ ದೀಪಸ್ತಂಭವನ್ನು ಕೂರಿಸಿತು. ಮೂರು ಅಕ್ಷರ, ಮೂರು ಅಂಕಿ, ಅವುಗಳ ಮಧ್ಯೆ ಬಿಳಿ ಗೋಪುರ, ಕೆಳಗೆ ಕೌಂಟಿಯ ಹೆಸರು. ಆ ರಾಜ್ಯದ 82 ಕೌಂಟಿಗಳಲ್ಲಿ ಬಹುಪಾಲು ಕಡಲನ್ನೇ ಕಾಣದವು. ಹತ್ತಿ ಬೆಳೆಯುವ ಒಳನಾಡಿನ ರೈತನ ಪಿಕಪ್ ಟ್ರಕ್ಕಿನ ಮೇಲೂ ಕಡಲ ದೀಪ ಬಂತು.

ಕಾರಣ 2005ರ ಆಗಸ್ಟ್ 29. ಕತ್ರಿನಾ ಚಂಡಮಾರುತ ಆ ಕರಾವಳಿಯನ್ನು ಒರೆಸಿ ಹಾಕಿತು. ಕಡಲು ಎದ್ದು ಬಂದು ಮನೆ, ಚರ್ಚು, ಸೇತುವೆಗಳನ್ನು ಕೊಂಡೊಯ್ದಿತು. 90ನೇ ಹೆದ್ದಾರಿಯ ಎರಡು ಬದಿಯ ನಡುವೆ ನಿಂತಿದ್ದ ಬಿಲಾಕ್ಸಿ ದೀಪಸ್ತಂಭ ಮಾತ್ರ ಉಳಿಯಿತು. ಒಳಗಿನ ಇಟ್ಟಿಗೆಗಳು ಕಳಚಿ ಬಿದ್ದವು, ವಿದ್ಯುತ್ ವ್ಯವಸ್ಥೆ ಹಾಳಾಯಿತು, 1848ರ ಎರಕದ ಕಬ್ಬಿಣದ ಹೊರಮೈ ಅಲುಗಲಿಲ್ಲ. ದುರಸ್ತಿಯಾಗಿ 2010ರ ಮಾರ್ಚಿನಲ್ಲಿ ಜನರಿಗೆ ಮತ್ತೆ ತೆರೆಯಿತು. ನಾನು ಅಲ್ಲಿಗೆ ಹೋದದ್ದು ಅದಾದ ಮೇಲೆ. ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಕಡೆ ಮೆಕ್ಸಿಕೊ ಕೊಲ್ಲಿ, ಇನ್ನೊಂದು ಕಡೆ ರಸ್ತೆಯುದ್ದಕ್ಕೂ ಮೆಟ್ಟಿಲು ಮಾತ್ರ ಉಳಿದ ಮನೆಗಳ ಖಾಲಿ ನಿವೇಶನಗಳು. ಈ ದೀಪವನ್ನು ಕಾಯ್ದವರಲ್ಲಿ ಹೆಂಗಸರೇ ಹೆಚ್ಚು ಕಾಲ ಇದ್ದರು ಎಂಬುದನ್ನು ನಾನು ತಿಳಿದದ್ದು ಅಲ್ಲಿ. ಮರಿಯಾ ಯಂಗ್‌ಹಾನ್ಸ್ 1867ರಲ್ಲಿ ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದು 1918ರವರೆಗೆ ದೀಪ ನೋಡಿಕೊಂಡಳು. ಆಮೇಲೆ ಮಗಳು ಮಿರಾಂಡಾ 1929ರವರೆಗೆ. ತಾಯಿ-ಮಗಳಿಬ್ಬರೇ ಸೇರಿ ಅರವತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದಾರೆ.

2012ರಲ್ಲಿ ಮಿಸಿಸಿಪಿ ತನ್ನ ಪ್ಲೇಟು ಬದಲಾಯಿಸಿತು. ದೀಪಸ್ತಂಭದ ಜಾಗಕ್ಕೆ ಬಿ.ಬಿ. ಕಿಂಗ್ ಅವರ ಗಿಟಾರ್ ಬಂತು. ಅದೂ ಆ ನಾಡಿಗೆ ಸಲ್ಲಬೇಕಾದ ಗೌರವವೇ. ಆದರೆ ಹಳೆಯ ಪ್ಲೇಟುಗಳು ಗುಜರಿಗೆ ಹೋಗುವ ಮೊದಲು ಕೂಡಿಸಬೇಕೆಂದು ನಾನು ಒದ್ದಾಡಿದೆ. ನನಗೆ ಸಿಕ್ಕವುಗಳಲ್ಲಿ ಒಂದರ ಕೆಳಗೆ ‘ಹ್ಯಾರಿಸನ್’ ಎಂದಿದೆ, ಬಿಲಾಕ್ಸಿ ಇರುವ ಕೌಂಟಿ. ಕಳುಹಿಸಿದವರು ಜೊತೆಯಲ್ಲಿ ಸಣ್ಣ ಚೀಟಿ ಇಟ್ಟಿದ್ದರು: ಕತ್ರಿನಾದಲ್ಲಿ ಹಳೆಯ ಕಾರು ಹೋದ ಮೇಲೆ ಕೊಂಡ ಕಾರಿಗೆ ಹಾಕಿದ್ದ ಪ್ಲೇಟು ಇದು, ಗೋಡೆಗೆ ಹಾಕುವುದಾದರೆ ಮಾತ್ರ ಇಟ್ಟುಕೊಳ್ಳಿ, ಮಾರಬೇಡಿ. ನಾನು ಯಾವ ಪ್ಲೇಟನ್ನೂ ಮಾರಿಲ್ಲ. ಈ ಒಂದನ್ನಂತೂ ವಿನಿಮಯಕ್ಕೂ ಇಟ್ಟವನಲ್ಲ.

ಊರಿಗೆ ಮರಳುವಾಗ ಎಲ್ಲವನ್ನೂ ಬಟ್ಟೆಗಳ ನಡುವೆ ಇಟ್ಟು ತಂದೆ. ಈಗ ಅವು ಕಾಪುವಿನ ಮನೆಯ ಜಗಲಿಯ ಗೋಡೆಯಲ್ಲಿವೆ. ಶಾಲೆಯ ಮಕ್ಕಳು ಬಂದು ನೋಡುತ್ತಾರೆ, ಪ್ರತಿ ತಗಡಿನ ಕಥೆ ಕೇಳುತ್ತಾರೆ. ನಮ್ಮ ಪ್ಲೇಟಿನ ಮೇಲೂ ನಮ್ಮ ಲೈಟ್‌ಹೌಸ್ ಯಾಕಿಲ್ಲ ಎಂದು ಒಬ್ಬಳು ಕೇಳಿದಳು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷತೆಯ ನಂಬರ್ ಪ್ಲೇಟು ಕಡ್ಡಾಯ. ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ಇಡೀ ದೇಶಕ್ಕೆ ಒಂದೇ ಮಾದರಿ. ಕಳ್ಳತನ ತಡೆಯಲು ಅದು ಬೇಕಾದದ್ದೇ, ಅಲ್ಲಿ ಚಿತ್ರಕ್ಕೆ ಜಾಗವಿಲ್ಲ. ಆದರೆ ನಾನು ಆ ತಗಡುಗಳಿಂದ ಕಲಿತದ್ದು ಚಿತ್ರದ ವಿಷಯವಲ್ಲ. ಊರಿನ ಒಂದು ಹಳೆಯ ಕಟ್ಟಡದ ಮೇಲಿನ ಪ್ರೀತಿ ಬಾಯಿಮಾತಿನಲ್ಲೇ ಉಳಿದರೆ ಅದರ ಮಾಡು ಸೋರುವುದು ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ, ಪ್ರತಿಯೊಬ್ಬರೂ, ಹೊರೆಯಾಗದಷ್ಟು ಸಣ್ಣ ಮೊತ್ತ ಕೊಡುವ ಒಂದು ಏರ್ಪಾಡು ಇದ್ದರೆ ನಿಲ್ಲುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಕರಾವಳಿಗೆ ಬಂದಾಗ ದೀಪಸ್ತಂಭದ ಬುಡದಲ್ಲಿ ಸೆಲ್ಫಿ ತೆಗೆದು ಹಿಂದಿರುಗಬೇಡಿ. ಸಂಜೆ ಹತ್ತಲು ಬಿಡುವ ಹೊತ್ತಿಗೆ ಹೋಗಿ, ಮನೆಯವರೆಲ್ಲರಿಗೂ ಟಿಕೆಟ್ ಪಡೆಯಿರಿ, ಮಕ್ಕಳನ್ನು ಮೇಲಿನವರೆಗೆ ಹತ್ತಿಸಿ, ದೀಪ ನೋಡಿಕೊಳ್ಳುವ ಸಿಬ್ಬಂದಿಯನ್ನು ಮಾತನಾಡಿಸಿ. ನಿಮ್ಮ ಊರಿನಲ್ಲಿ ದೀಪಸ್ತಂಭವಿಲ್ಲದಿದ್ದರೆ ಒಂದು ಹಳೆಯ ಕೆರೆಯೋ ಗ್ರಂಥಾಲಯವೋ ಇದ್ದೇ ಇರುತ್ತದೆ. ಅದರ ಹೆಸರಿನಲ್ಲಿ ವರ್ಷಕ್ಕೊಮ್ಮೆ ನಿಮ್ಮಿಂದಾದಷ್ಟು ಎತ್ತಿಡಿ, ಅದನ್ನು ನೋಡಿಕೊಳ್ಳುವವರ ಕೈಗೆ ತಲುಪಿಸಿ.